ಮಾವನ ಮಾರಿಸ್ ಮೈನರ್ ಕೊಳ್ಳಬೇಕಾ, ಬೇಡವಾ?

ಬೇರೆ ಯಾರದೋ ಕಾರಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೋಗಿ ನೋಡುತ್ತಿದ್ದೆ, ಒಂದು ರೌಂಡ್ ಓಡಿಸುತ್ತಿದ್ದೆ, ರೇಟು ಕೇಳುತ್ತಿದ್ದೆ. ಹೊಂದದಿದ್ದರೆ ‘ಯೋಚನೆ ಮಾಡಿ ಹೇಳ್ತೀನಿ’ ಅಂದು ಬಂದುಬಿಡುತ್ತಿದ್ದೆ. ಹಾಗಂದರೆ ಏನು ಅಂತ ಮಾರುವವರಿಗೂ ಗೊತ್ತಿರುತ್ತದೆ, ಯಾರಿಗೂ ಬೇಜಾರಿಲ್ಲ. ಸೋದರಮಾವನ ಕಾರಿನ ವಿಷಯದಲ್ಲಿ ಈ ಅನುಕೂಲ ಇಲ್ಲ. ಇಲ್ಲಿ ‘ಯೋಚನೆ ಮಾಡಿ ಹೇಳ್ತೀನಿ’ ಅಂದರೆ ನಿಜವಾಗಲೂ ಯೋಚನೆ ಮಾಡಬೇಕು, ಆಮೇಲೆ ಹೋಗಿ ಹೇಳಲೂ ಬೇಕು.

ಕಾರು 1964ರ ಮಾರಿಸ್ ಮೈನರ್, ಬ್ರಿಟನ್ನಿನದು. ನಾಲ್ಕು ಬಾಗಿಲು, 1098 ಸಿಸಿ ಎಂಜಿನ್. ಮಾವ ತಂದಾಗ ಅದು ಓಡುವ ಸ್ಥಿತಿಯಲ್ಲಿ ಇರಲಿಲ್ಲ. ವರ್ಷಗಟ್ಟಲೆ ಶೆಡ್ಡಿನಲ್ಲಿ ಇಟ್ಟುಕೊಂಡು ಬಿಚ್ಚಿ, ಕೆರೆದು, ವೆಲ್ಡಿಂಗ್ ಮಾಡಿಸಿ, ಬಣ್ಣ ಹೊಡೆಸಿ ಮತ್ತೆ ಕಟ್ಟಿದರು. ಈಗ ಅವರಿಗೆ ಮಂಡಿ ನೋವು. ಕಾರಿನ ಕೆಳಗೆ ಮಲಗಿದರೆ ಎಬ್ಬಿಸಲು ಇನ್ನೊಬ್ಬರು ಬೇಕು. ‘ನೀನು ತಗೊಳ್ಳೋದಾದ್ರೆ ತಗೋ, ಇಲ್ಲಾಂದ್ರೆ ಹೊರಗಡೆಯೋರಿಗೆ ಕೊಡ್ತೀನಿ’ ಅಂದರು. ಅಷ್ಟೇ ಹೇಳಿದ್ದು. ಹಿಂದೆಯೇ ಅತ್ತೆ, ‘ಪಾಪ, ಅವನಿಗ್ಯಾಕ್ರೀ ಗಂಟು ಹಾಕ್ತೀರಾ’ ಅಂದರು. ಇಬ್ಬರ ಮಾತೂ ತಲೆಯಲ್ಲಿ ಕೂತುಬಿಟ್ಟಿತು.

ಆ ಕಾರಿನ ಮೇಲೆ ನನಗೆ ಆಸೆ ಇದೆ, ಅದನ್ನು ಮುಚ್ಚಿಡುವುದು ಬೇಡ. ಮಾರಿಸ್ ಮೈನರ್ ದೊಡ್ಡಸ್ತಿಕೆ ತೋರಿಸುವ ಕಾರಲ್ಲ. 1948ರಲ್ಲಿ ಬಂತು, ವಿನ್ಯಾಸ ಮಾಡಿದ್ದು ಅಲೆಕ್ ಇಸಿಗೋನಿಸ್. ಮುಂದೆ 1959ರಲ್ಲಿ ಮಿನಿ ಕಾರು ಕೊಟ್ಟವರೂ ಇವರೇ. ಕಂಪನಿಯ ಯಜಮಾನ ಲಾರ್ಡ್ ನಫೀಲ್ಡ್‌ಗೆ ಮಾತ್ರ ಈ ಉರುಟು ಕಾರು ಸ್ವಲ್ಪವೂ ಹಿಡಿಸಿರಲಿಲ್ಲ, ಅದನ್ನು ಪೋಚ್ಡ್ ಎಗ್‌ಗೆ, ಅಂದರೆ ಒಡೆದು ನೀರಿನಲ್ಲಿ ಬೇಯಿಸಿದ ಮೊಟ್ಟೆಗೆ, ಹೋಲಿಸಿ ಆಡಿಕೊಂಡಿದ್ದರು. ಇಸಿಗೋನಿಸ್ ಅವರಿಗೂ ಕೊನೆ ಗಳಿಗೆಯಲ್ಲಿ ಕಾರು ತೀರಾ ಸಪೂರ ಅನ್ನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ಕಣ್ಣಿಗೆ ಸರಿ ಕಾಣುವ ತನಕ ದೂರ ಸರಿಸಿದರು. ನಾಲ್ಕು ಇಂಚು ಅಗಲವಾಯಿತು. ಬಾನೆಟ್ ಮಧ್ಯೆ ಈಗಲೂ ಒಂದು ಚಪ್ಪಟೆ ಪಟ್ಟಿ ಕಾಣುತ್ತದಲ್ಲ, ಅದು ಆ ನಾಲ್ಕು ಇಂಚಿನ ಗುರುತು. ಸುಮಾರು 16 ಲಕ್ಷ ಕಾರುಗಳು ತಯಾರಾಗಿ, 1971ರಲ್ಲಿ ನಿಂತಿತು. ಅಂದರೆ ಇದು ಅಪರೂಪದ ಕಾರೂ ಅಲ್ಲ. ಕೊಳ್ಳುವವನಿಗೆ ಅದೇ ಒಳ್ಳೆಯದು. ಬಿಡಿಭಾಗಗಳು ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ. ಇದರ ಎ-ಸೀರೀಸ್ ಎಂಜಿನ್ ಕುಟುಂಬ 1951ರಿಂದ 2000ದವರೆಗೆ ತಯಾರಾಗುತ್ತಿತ್ತು. ಇದನ್ನು ಬಿಚ್ಚಿ ಕಟ್ಟಲು ಗೊತ್ತಿರುವ ಕೈಗಳು ಇನ್ನೂ ಇವೆ.

ಹಾಗಾಗಿ ಎಂಜಿನ್ ಬಗ್ಗೆ ನನಗೆ ಭಯ ಇರಲಿಲ್ಲ. ಹಳೆ ಕಾರಿನಲ್ಲಿ ಎಂಜಿನ್ ಹೋದರೆ ದುಡ್ಡು ಹೋಗುತ್ತದೆ, ಅಷ್ಟೇ. ಬಾಡಿ ಹೋದರೆ ಕಾರೇ ಹೋಯಿತು. ಮೈನರ್‌ಗೆ ಲಾರಿಗಿರುವ ಹಾಗೆ ಪೂರ್ತಿ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ಬಾಡಿಯೇ ಭಾರದ ಬಹುಪಾಲನ್ನು ಹೊರುತ್ತದೆ. ಬಾಗಿಲ ಕೆಳಗಿನ ಸಿಲ್, ಮುಂದಿನ ಸೀಟಿನ ಕೆಳಗೆ ಅಡ್ಡ ಹೋಗುವ ಕ್ರಾಸ್ ಮೆಂಬರ್, ಹಿಂದೆ ಲೀಫ್ ಸ್ಪ್ರಿಂಗ್ ಸಿಕ್ಕಿಸಿರುವ ಜಾಗ, ಇವೆಲ್ಲ ತುಕ್ಕಿಗೆ ಬಲು ಪ್ರೀತಿ. ಕ್ರಾಸ್ ಮೆಂಬರ್ ಅಂತೂ ಸುಮ್ನೆ ಅಲ್ಲ. ಮುಂದಿನ ಚಕ್ರಗಳ ಭಾರ ತಡೆಯುವ ಟಾರ್ಷನ್ ಬಾರ್‌ಗಳ ಹಿಂತುದಿ ಬಂದು ಕೂರುವುದೇ ಅಲ್ಲಿ. ಅದು ಟೊಳ್ಳಾಗಿದ್ದರೆ ಮೇಲಿನ ಹೊಳಪೆಲ್ಲ ಗೆದ್ದಲು ತಿಂದ ಬಾಗಿಲಿಗೆ ಪಾಲಿಶ್ ಹೊಡೆದ ಹಾಗೆ.

ಮಾವನ ಕಾರು ಹೊಳೆಯುತ್ತದೆ. ಅದೇ ನನಗೆ ಕಷ್ಟ. ರಿಸ್ಟೋರ್ ಮಾಡಿದ ಕಾರಿಗಿಂತ ರಿಸ್ಟೋರ್ ಮಾಡದ ಕಾರು ನೋಡುವುದು ಸುಲಭ, ಯಾಕೆಂದರೆ ಅದರಲ್ಲಿ ಹಾಳಾಗಿದ್ದು ಹಾಳಾಗಿದೆ ಅಂತ ಕಾಣುತ್ತದೆ. ಹೊಸ ಬಣ್ಣದ ಕೆಳಗೆ ಹೊಸ ತಗಡೂ ಇರಬಹುದು, ಬೆರಳು ದಪ್ಪದ ಪುಟ್ಟಿಯೂ ಇರಬಹುದು. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮಡ್‌ಗಾರ್ಡ್ ಮೇಲೆ, ಸಿಲ್ ಮೇಲೆ ಆಡಿಸುತ್ತಾ ಹೋದರೆ ಗೊತ್ತಾಗುತ್ತದೆ. ತಗಡಿದ್ದಲ್ಲಿ ಕಚ್ಚಿಕೊಳ್ಳುತ್ತದೆ, ಪುಟ್ಟಿ ದಪ್ಪ ಇದ್ದಲ್ಲಿ ಜಾರುತ್ತದೆ. ಬೇರೆಯವರ ಕಾರಿನ ಮೇಲೆ ಧೈರ್ಯವಾಗಿ ಆಡಿಸಬಹುದು. ಮಾವ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿರುವಾಗ ಜೇಬಿನಿಂದ ಅಯಸ್ಕಾಂತ ತೆಗೆಯುವುದು ಹೇಗೆ ಹೇಳಿ?

ಕೊನೆಗೆ ಬಾಯಿಬಿಟ್ಟು ಕೇಳಿದೆ. ‘ಮಾವ, ನಮ್ಮಿಬ್ಬರಿಗೂ ಪರಿಚಯ ಇಲ್ಲದ ಒಬ್ಬ ಮೆಕ್ಯಾನಿಕ್ ಹತ್ರ ಒಮ್ಮೆ ತೋರಿಸಿಬಿಡೋಣ. ಅವರು ಏನು ಹೇಳಿದರೂ ನೀವು ಹೇಳಿದ ಹಾಗೂ ಅಲ್ಲ, ನಾನು ಹೇಳಿದ ಹಾಗೂ ಅಲ್ಲ.’ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನನ್ ಮೇಲೆ ನಂಬಿಕೆ ಇಲ್ವೇನೋ?’ ಅಂತ ಕೇಳಿಯೇ ಕೇಳಿದರು. ನಂಬಿಕೆಯ ಪ್ರಶ್ನೆ ಅಲ್ಲ ಅಂದೆ. ಅದು ನಿಜವೂ ಹೌದು. ಅವರು ಸುಳ್ಳು ಹೇಳುವವರಲ್ಲ. ಆದರೆ ತಾನೇ ಕಟ್ಟಿದ ಕಾರನ್ನು ಮನುಷ್ಯ ಬೇರೆ ಕಣ್ಣಿನಿಂದ ನೋಡುವುದಿಲ್ಲ. ಅವರಿಗೆ ಅದರ ಪ್ರತಿ ಸದ್ದೂ ಅಭ್ಯಾಸವಾಗಿಬಿಟ್ಟಿರುತ್ತದೆ. ಈ ತರಹದ ವ್ಯವಹಾರದಲ್ಲಿ ಹೊರಗಿನವರೊಬ್ಬರು ನೋಡಿ ಹೇಳುವುದು ಕೊಳ್ಳುವವನ ಅನುಮಾನಕ್ಕಿಂತ ಜಾಸ್ತಿ, ಇಬ್ಬರ ಸಂಬಂಧಕ್ಕೆ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾಳೆ ಏನಾದರೂ ಕೈಕೊಟ್ಟರೆ ಬೈಯಲು ಒಬ್ಬ ಮೂರನೆಯವರು ಇರುತ್ತಾರೆ, ಅದೂ ಒಂದು ಲಾಭ!

ಅದಕ್ಕೆ ಮೊದಲು ಮಾವ ಒಂದು ದಪ್ಪ ಫೈಲ್ ತಂದು ಮುಂದಿಟ್ಟರು. ಕೆಲಸ ನಡೆಯುವಾಗ ತೆಗೆದ ಫೋಟೊಗಳು, ಬಿಲ್ಲುಗಳು, ಎಣ್ಣೆ ಕಲೆಯ ಚೀಟಿಗಳು. ಫಿವಾ ಅಂತ ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಿದೆ, 1966ರಲ್ಲಿ ಶುರುವಾದದ್ದು. ಅವರು ಒಪ್ಪಿಕೊಂಡಿರುವ ಟ್ಯೂರಿನ್ ಚಾರ್ಟರ್‌ನಲ್ಲಿ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಹಳೆಯದನ್ನು ಆದಷ್ಟು ಉಳಿಸಿಕೊಳ್ಳಿ, ಬದಲಿಸಿದ್ದನ್ನು ಬರೆದಿಡಿ. ಮಾವನಿಗೆ ಆ ಚಾರ್ಟರ್ ಗೊತ್ತಿಲ್ಲ. ಅವರು ಸ್ವಭಾವತಃ ಚೀಟಿ ಎಸೆಯದ ಮನುಷ್ಯ, ಅದರಿಂದ ಕೆಲಸವಾಯಿತು. ಒಂದು ಫೋಟೊದಲ್ಲಿ ಕ್ರಾಸ್ ಮೆಂಬರ್‌ನ ಬಲತುದಿ ಪೂರ್ತಿ ಕತ್ತರಿಸಿ ತೆಗೆದಿದೆ. ಮುಂದಿನದರಲ್ಲಿ ಹೊಸ ತಗಡು, ವೆಲ್ಡಿಂಗಿನ ಹಸಿ ಗೆರೆ, ಇನ್ನೂ ಬಣ್ಣವಿಲ್ಲ. ಹೊಳೆಯುವ ಬಾನೆಟ್‌ಗಿಂತ ಆ ಒಂದು ಫೋಟೊ ನನ್ನನ್ನು ಕಾರಿನ ಹತ್ತಿರ ಎಳೆಯಿತು. ಎಡತುದಿಯ ಫೋಟೊ ಮಾತ್ರ ಎಲ್ಲೂ ಸಿಗಲಿಲ್ಲ.

ಫೈಲ್‌ನಲ್ಲಿ ಇನ್ನೊಂದು ಬಿಲ್ ಹುಡುಕುತ್ತಿದ್ದೆ, ಸಿಲಿಂಡರ್ ಹೆಡ್‌ನದ್ದು. ಈ ಎಂಜಿನ್‌ಗಳು ಸೀಸ ಬೆರೆಸಿದ ಪೆಟ್ರೋಲಿಗಾಗಿ ಮಾಡಿದವು. ಆ ಸೀಸ ಎಕ್ಸಾಸ್ಟ್ ವಾಲ್ವ್ ಕೂರುವ ಜಾಗಕ್ಕೆ, ಅಂದರೆ ವಾಲ್ವ್ ಸೀಟಿಗೆ, ಒಂದು ರೀತಿ ರಕ್ಷಣೆ ಕೊಡುತ್ತಿತ್ತು. ಅದಿಲ್ಲದ ಪೆಟ್ರೋಲಿನಲ್ಲಿ ವೇಗವಾಗಿ, ಜಾಸ್ತಿ ದೂರ ಓಡಿಸಿದರೆ ಸೀಟು ಸವೆದು ವಾಲ್ವ್ ಒಳಕ್ಕೆ ಇಳಿಯುತ್ತಾ ಹೋಗುತ್ತದೆ. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ, ಅಲ್ಲೂ 2021ರ ಜುಲೈನಲ್ಲಿ ನಿಂತುಹೋಯಿತು. ಹಾಗಾಗಿ ಹೆಡ್‌ಗೆ ಗಟ್ಟಿ ಸೀಟುಗಳನ್ನು ಹಾಕಿಸಿದ್ದಾರಾ ಅನ್ನುವುದು ಕೇಳಲೇಬೇಕಾದ ಪ್ರಶ್ನೆ. ಹಾಕಿಸಿದ್ದಾರೆ, ಬಿಲ್ ಇದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಹಳೆ ಕಾಲದ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ, ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪೈಪು ಬದಲಿಸಿದ ಬಿಲ್ ಇರಲಿಲ್ಲ, ಕೆಲಸ ಚಿಕ್ಕದು, ಆದರೆ ಮೊದಲು ಆಗಬೇಕಾದ್ದು.

ಮೆಕ್ಯಾನಿಕ್ ಬಂದರು, ವಯಸ್ಸಾದವರು, ಮಾತು ಕಡಿಮೆ. ಎಂಜಿನ್ ಸ್ಟಾರ್ಟ್ ಮಾಡುವುದಕ್ಕೆ ಮೊದಲು ಬರೀ ಇಗ್ನಿಷನ್ ಆನ್ ಮಾಡಿ ಕಿವಿ ಕೊಟ್ಟು ನಿಂತರು. ಬಾನೆಟ್ ಒಳಗೆ ಗೋಡೆಗೆ ಹಾಕಿರುವ ಎಸ್‌ಯು ಪೆಟ್ರೋಲ್ ಪಂಪ್ ಟಿಕ್ ಟಿಕ್ ಟಿಕ್ ಅಂತ ಬಡಿದುಕೊಂಡು, ನಿಧಾನವಾಗಿ ನಿಂತಿತು. ಕಾರ್ಬೊರೇಟರ್ ತುಂಬಿದ ಮೇಲೆ ನಿಲ್ಲಬೇಕು, ಬಡಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ ಅಥವಾ ಗಾಳಿ ಎಳೆಯುತ್ತಿದೆ. ತಲೆ ಆಡಿಸಿದರು. ಮಾವನ ಮುಖ ಅರಳಿತು. ಆಮೇಲೆ ಡ್ರೈವರ್ ಸೀಟಿನ ಮುಂದಿನ ಕಾರ್ಪೆಟ್ ಎತ್ತಿ, ನೆಲದಲ್ಲಿದ್ದ ಸಣ್ಣ ಮುಚ್ಚಳ ತೆಗೆದರು. ಈ ಕಾರಿನ ಬ್ರೇಕ್ ಎಣ್ಣೆ ತುಂಬುವ ಮಾಸ್ಟರ್ ಸಿಲಿಂಡರ್ ಇರುವುದು ಕಾಲಿನ ಕೆಳಗೆ! ಎಣ್ಣೆ ಕಡಿಮೆಯಾಗಿದೆಯಾ ನೋಡಬೇಕಾದರೂ ಕಾರ್ಪೆಟ್ ಎತ್ತಬೇಕು. ಅದಕ್ಕೇ ಯಾರೂ ನೋಡುವುದಿಲ್ಲ. ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್, ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೆ. ಮೆಕ್ಯಾನಿಕ್ ಬೆರಳು ಅದ್ದಿ ಎಣ್ಣೆಯ ಬಣ್ಣ ನೋಡಿದರು. ಕಪ್ಪಗಿತ್ತು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಕಾರು ನಿಂತಲ್ಲೇ ನಿಂತಿದ್ದರೂ ಬದಲಿಸುತ್ತಿರಬೇಕು.

ನಂತರ ಮುಂದಿನ ಚಕ್ರ ಜಾಕ್ ಮೇಲೆ ಏರಿತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಮೈನರ್ ಕೊಳ್ಳುವವರು ಬೇರೆ ಏನು ಮರೆತರೂ ಇದನ್ನು ಮರೆಯಬಾರದು. ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಒಂದು ಉದ್ದನೆ ಪಿನ್ನಿನ ಸುತ್ತ. ಆ ಪಿನ್ನಿನ ಕೆಳತುದಿಗೆ ಮರೆ (ಸ್ಕ್ರೂಗೆ ಇರುವಂಥ ಸುರುಳಿ ಗೆರೆ) ಇದೆ, ಅದು ಟ್ರನಿಯನ್ ಅನ್ನುವ ಭಾಗದೊಳಗೆ ಸ್ಕ್ರೂ ಆಗಿ ಕೂರುತ್ತದೆ. ಸ್ಟೇರಿಂಗ್ ತಿರುಗಿಸಿದಾಗೆಲ್ಲ ಆ ಮರೆ ಒಂದರ ಮೇಲೊಂದು ಉಜ್ಜುತ್ತದೆ. ಗ್ರೀಸ್ ನಿಪಲ್‌ಗೆ ಆಗಾಗ ಗ್ರೀಸ್ ಹೊಡೆಯುತ್ತಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ಮರೆತರೆ ಮರೆ ಸವೆದು, ಒಂದು ದಿನ ಪಿನ್ ಕಿತ್ತು ಹೊರಬಂದು, ಚಕ್ರ ಮಡ್‌ಗಾರ್ಡ್ ಕೆಳಗೆ ಮಡಚಿಕೊಂಡುಬಿಡುತ್ತದೆ. ಮೆಕ್ಯಾನಿಕ್ ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿದರು. ಬಲಗಡೆ ಬಿಗಿ. ಎಡಗಡೆ ‘ಟಕ್’ ಅಂತ ಸಣ್ಣ ಸದ್ದು. ಮತ್ತೆ ಅಲುಗಾಡಿಸಿದರು, ಮತ್ತೆ ಟಕ್. ಮಾವನೂ ಬಗ್ಗಿ ಕೇಳಿಸಿಕೊಂಡರು. ‘ಈ ಸದ್ದು ಮುಂಚೆ ಇರಲಿಲ್ಲ’ ಅಂದರು. ಮಂಡಿ ನೋವು ಬಂದಮೇಲೆ ಗ್ರೀಸ್ ಗನ್ ಹಿಡಿದಿಲ್ಲ ಅಂತ ಅವರೇ ಒಪ್ಪಿಕೊಂಡರು.

ಟೈರುಗಳ ಮೇಲೆ ಗೆರೆಗಳು ಚೆನ್ನಾಗಿದ್ದವು, ಹೊಸದರಂತೆ. ಆದರೆ ಪಕ್ಕದಲ್ಲಿ ಅಚ್ಚಾಗಿದ್ದ ಕೋಡ್‌ನ ಕೊನೆಯ ನಾಲ್ಕು ಅಂಕಿ 2309. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂದರೆ 2009ರ 23ನೇ ವಾರದಲ್ಲಿ ತಯಾರಾದದ್ದು. ಹಳೆ ಕಾರುಗಳು ಓಡುವುದೇ ಕಡಿಮೆ, ಆದ್ದರಿಂದ ಟೈರು ಸವೆಯುವ ಮೊದಲೇ ಗಟ್ಟಿಯಾಗಿ ಸಾಯುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುವುದರಿಂದ ಬದಲಿಸಲು ಮನಸ್ಸೂ ಬರುವುದಿಲ್ಲ.

ಕ್ರಾಸ್ ಮೆಂಬರ್ ಎಡತುದಿಯನ್ನು ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ನೋಡಿದರು. ಗಟ್ಟಿ ಸದ್ದು. ಫೋಟೊ ಇಲ್ಲದ್ದು ಯಾಕೆ ಅಂತ ಆಗ ಗೊತ್ತಾಯಿತು. ಆ ಕಡೆ ಕೆಡದೇ ಇದ್ದುದರಿಂದ ಕೈ ಹಾಕಿಯೇ ಇರಲಿಲ್ಲ.

ಓಡಿಸುವ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಓಡಿಸಿದ ಮೇಲೆ ಯಾರಿಗೂ ಸರಿಯಾದ ತೀರ್ಮಾನ ಮಾಡಲು ಬರುವುದಿಲ್ಲ. ಸ್ಟೇರಿಂಗ್ ಹಗುರ, ತಿರುವಿನಲ್ಲಿ ಖುಷಿ. ಒಂದನೇ ಗೇರಿಗೆ ಸಿಂಕ್ರೊಮೆಶ್ (ಓಡುವಾಗ ಗೇರು ಸಲೀಸಾಗಿ ಬೀಳಲು ಇರುವ ವ್ಯವಸ್ಥೆ) ಇಲ್ಲ, ಕಾರು ಪೂರ್ತಿ ನಿಲ್ಲದೆ ಹಾಕಹೋದರೆ ಗುರ್ರ್ ಅನ್ನುತ್ತದೆ. ನಾಲ್ಕೂ ಡ್ರಮ್ ಬ್ರೇಕು, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಸರ್ವೊ ಇಲ್ಲ. ಮುಂದಿನ ಕಾರು ನಿಂತಷ್ಟು ಬೇಗ ನಾವು ನಿಲ್ಲಲಾರೆವು, ಆ ಅಂತರವನ್ನು ನಾವೇ ಇಟ್ಟುಕೊಳ್ಳಬೇಕು. ಸೀಟ್ ಬೆಲ್ಟ್ ಇಲ್ಲ, ಏರ್‌ಬ್ಯಾಗಿನ ಮಾತೇ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ದಿನಾ ಓಡಾಡುವ ಕಾರು ಇದಲ್ಲ ಅಂತ ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಇನ್ನು ದುಡ್ಡು. ರಿಸ್ಟೋರ್ ಮಾಡಿದವರ ಲೆಕ್ಕವೇ ಬೇರೆ, ಮಾರ್ಕೆಟ್ಟಿನ ಲೆಕ್ಕವೇ ಬೇರೆ. ಸಾಧಾರಣ ಮಾದರಿಯ ಹಳೆ ಕಾರುಗಳಲ್ಲಿ ಹಾಕಿದ ಖರ್ಚು ಮಾರಿದಾಗ ವಾಪಸ್ ಬರುವುದು ಕಡಿಮೆ. ಶೆಡ್ಡಿನಲ್ಲಿ ಕಳೆದ ಭಾನುವಾರಗಳಿಗಂತೂ ಯಾರೂ ಕೊಡುವುದಿಲ್ಲ. ಮಾವನಿಗೆ ಇದು ಗೊತ್ತು. ಅವರ ಸಮಸ್ಯೆ ಉಲ್ಟಾ. ‘ನಿನ್ನ ಹತ್ರ ನಾನು ಲಾಭ ಮಾಡ್ತೀನೇನೋ? ನಿನಗೆ ಎಷ್ಟು ತೋಚುತ್ತೋ ಅಷ್ಟು ಕೊಡು’ ಅಂದರು. ಕೇಳಲು ಎಷ್ಟು ಚೆಂದ ಅಲ್ವಾ? ಆದರೆ ನನಗೆ ಅತಿ ಹೆಚ್ಚು ಭಯವಾಗಿದ್ದು ಈ ಮಾತಿಗೆ. ಕಡಿಮೆಗೆ ತಗೊಂಡರೆ ಉಳಿದ ಬಾಕಿ ಎಲ್ಲಿಗೂ ಹೋಗುವುದಿಲ್ಲ. ಕಾರು ತೊಳೆದಿಲ್ಲ ಅಂದಾಗ, ಯಾರಿಗೋ ಓಡಿಸಲು ಕೊಟ್ಟೆ ಅಂದಾಗ, ಸೀಟಿನ ಬಣ್ಣ ಬದಲಿಸಿದೆ ಅಂದಾಗ ಒಂದೊಂದು ಕಂತು ಕಟ್ಟುತ್ತಾ ಹೋಗಬೇಕು. ಮಾವ ಬಾಯಲ್ಲಿ ಏನೂ ಅನ್ನುವುದಿಲ್ಲ. ಬಾನೆಟ್ ಪಕ್ಕ ನಿಂತು ಎಂಜಿನ್ ಸದ್ದು ಕೇಳಿ, ‘ಹೂಂ’ ಅಂದರೆ ಸಾಕು.

ಇಲ್ಲಿಗೆ ಬಂದಾಗ ನನಗೆ ನಿಜವಾದ ತೊಡಕು ಎಲ್ಲಿದೆ ಅಂತ ಸ್ಪಷ್ಟವಾಯಿತು. ಟ್ರನಿಯನ್, ಟೈರು, ಪೆಟ್ರೋಲ್ ಪೈಪು ಇವೆಲ್ಲ ದುಡ್ಡು ಕೊಟ್ಟರೆ ಸರಿಹೋಗುತ್ತವೆ. ನಾನು ಕೇಳಿಕೊಳ್ಳಬೇಕಾದ್ದು ಬೇರೆ. ಈ ಕಾರನ್ನು ಮುಂದೆ ಒಂದು ದಿನ ನಾನು ಮಾರಬಹುದಾ? ಮನೆ ಬದಲಾಗಬಹುದು, ಕಾರು ನಿಲ್ಲಿಸಲು ಜಾಗ ಇಲ್ಲದೇ ಹೋಗಬಹುದು, ದುಡ್ಡಿನ ಅಡಚಣೆ ಬರಬಹುದು, ಆಸೆಯೇ ತೀರಿಹೋಗಬಹುದು. ಆಗ ಮಾರಲು ಆಗದಿದ್ದರೆ ನಾನು ಕಾರು ಕೊಂಡಿರುವುದಿಲ್ಲ, ಮಾವನ ಕಾರಿಗೆ ಬಾಡಿಗೆ ಇಲ್ಲದ ಶೆಡ್ಡು ಕೊಟ್ಟಿರುತ್ತೇನೆ. ಮಾರಲು ಆಗದ್ದನ್ನು ಕೊಳ್ಳಬಾರದು. ನೆಂಟರ ವಸ್ತುವಾದರೆ ಇನ್ನೂ ಕೊಳ್ಳಬಾರದು.

ಆದರೆ ಇದನ್ನು ಕೇಳುವುದು ಹೇಗೆ? ಇನ್ನೂ ಕೊಂಡೇ ಇಲ್ಲ, ಮಾರುವ ಮಾತು ತೆಗೆದರೆ ಯಾರಿಗಾದರೂ ಬೇಜಾರಾಗುತ್ತದೆ. ಮೊದಲು ಮಾವನ ಮಗಳಿಗೆ ಫೋನ್ ಮಾಡಿದೆ. ಅವಳದ್ದೂ ಹಕ್ಕಿದೆಯಲ್ಲ. ಚಿಕ್ಕವಳಿದ್ದಾಗ ಸ್ಪ್ಯಾನರ್ ಎತ್ತಿಕೊಡುತ್ತಿದ್ದವಳು ಅವಳೇ, ಫೈಲಿನ ಎಷ್ಟೋ ಫೋಟೊಗಳಲ್ಲಿ ಅವಳ ಕೈ ಇದೆ. ‘ನನಗೆ ಬೇಡಪ್ಪ, ನಿಲ್ಲಿಸೋಕೆ ಜಾಗ ಇಲ್ಲ. ಆದ್ರೆ ಮಾರೋ ಹಾಗಿದ್ರೆ ಮೊದ್ಲು ನನಗೆ ಹೇಳು’ ಅಂದಳು. ನ್ಯಾಯವಾದ ಮಾತು. ಆಗಲಿ ಅಂದೆ.

ಮಾವನ ಹತ್ತಿರ ಸುತ್ತಿ ಬಳಸಿ ಶುರುಮಾಡಿದೆ. ಅವರಿಗೆ ಎರಡನೇ ವಾಕ್ಯಕ್ಕೇ ಗೊತ್ತಾಯಿತು. ‘ಮಾರೋ ಹಾಗಾದ್ರೆ ಮಾರು. ನನಗೆ ಮಾತ್ರ ಹೇಳಬೇಡ’ ಅಂದರು. ಒಳಗಿನಿಂದ ಅತ್ತೆ ನಕ್ಕಿದ್ದು ಕೇಳಿಸಿತು. ಆಮೇಲೆ ಮಾವನೇ, ‘ನಾನೂ ಇದನ್ನ ಯಾರದೋ ಹತ್ರ ತಾನೇ ತಂದಿದ್ದು. ಅವರು ಅಳ್ತಾ ಕೊಟ್ರು. ಎರಡು ದಿನ ಬಿಟ್ಟು ಬೇರೆ ಕಾರು ತಗೊಂಡ್ರು’ ಅಂದರು.

ಅಲ್ಲಿಗೆ ತೀರ್ಮಾನವಾಯಿತು, ಕೊಳ್ಳುತ್ತೇನೆ. ಬೆಲೆ ನಾವಿಬ್ಬರೂ ಹೇಳಲಿಲ್ಲ. ಇದೇ ಸ್ಥಿತಿಯ ಮೈನರ್‌ಗಳು ಎಷ್ಟಕ್ಕೆ ಹೋಗುತ್ತಿವೆ ಅಂತ ಮೆಕ್ಯಾನಿಕ್ ಮತ್ತು ಹಳೆ ಕಾರುಗಳ ವ್ಯವಹಾರ ಬಲ್ಲ ಇನ್ನೊಬ್ಬರ ಹತ್ತಿರ ಕೇಳಿ, ನಡುವಿನ ಅಂಕಿ ಹಿಡಿದೆವು. ಅದರಲ್ಲಿ ನಾಲ್ಕು ಟೈರು ಮತ್ತು ಟ್ರನಿಯನ್ ಕೆಲಸದ ಖರ್ಚು ಕಳೆದೆವು. ಮಾವ ಇನ್ನೂ ಇಳಿಸಲು ನೋಡಿದರು, ನಾನು ಬಿಡಲಿಲ್ಲ. ಕೊಳ್ಳುವವನು ಏರಿಸುತ್ತಾ, ಮಾರುವವರು ಇಳಿಸುತ್ತಾ ಜಗಳವಾಡಿದ್ದನ್ನು ಅತ್ತೆ ಇನ್ನೂ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಾರೆ. ಚಿಕ್ಕ ಕರಾರು ಪತ್ರ ಬರೆದು ಇಬ್ಬರೂ ಸಹಿ ಹಾಕಿದೆವು. ಎಂಜಿನ್ ನಂಬರು, ಚಾಸಿ ನಂಬರು ನೋಂದಣಿ ಪುಸ್ತಕದಲ್ಲಿ ಇರುವುದಕ್ಕೂ ಕಾರಿನ ಮೇಲೆ ಇರುವುದಕ್ಕೂ ತಾಳೆ ನೋಡಿದೆವು. ರಿಸ್ಟೋರ್ ಮಾಡುವಾಗ ಎಂಜಿನ್ ಬದಲಾಗಿ ಕಾಗದದಲ್ಲಿ ಹಳೆ ನಂಬರೇ ಉಳಿದುಬಿಡುವುದು ಇಂಥ ಕಾರುಗಳಲ್ಲಿ ಸಾಮಾನ್ಯ. ಇನ್ಶೂರೆನ್ಸ್ ಮಾಡಿಸುವಾಗ ಕಾರಿನ ಬೆಲೆಯನ್ನು ಮೊದಲೇ ಒಪ್ಪಿ ಬರೆಯುವ ಪಾಲಿಸಿ ಸಿಕ್ಕರೆ ಅದನ್ನೇ ತಗೊಳ್ಳಬೇಕು. ಇಲ್ಲದಿದ್ದರೆ ಏನಾದರೂ ಆದಾಗ ಅವರ ಲೆಕ್ಕದಲ್ಲಿ ಇದು ಬರೀ ಹಳೆ ಕಾರು.

ಈಗ ಕೆಲಸಗಳ ಸರದಿ ಹೀಗಿದೆ. ಮೊದಲು ಟ್ರನಿಯನ್, ಎರಡೂ ಕಡೆ. ಬಲಗಡೆ ಬಿಗಿಯಾಗೇ ಇದೆ, ಆದರೂ ಜೊತೆಗೇ ಆಗಿಹೋಗಲಿ. ಆಮೇಲೆ ಟೈರು, ಪೆಟ್ರೋಲ್ ಪೈಪು, ಬ್ರೇಕ್ ಎಣ್ಣೆ. ಸೀಟ್ ಬೆಲ್ಟ್ ಹಾಕಿಸುವುದಕ್ಕೆ ಮಾವ ಸ್ವಲ್ಪ ಮುಖ ಸಿಂಡರಿಸಿದರು, ಕೊನೆಗೆ ಒಪ್ಪಿದರು. ಕಿಡಿ ಹೊತ್ತಿಸುವ ಹಳೆ ಕಾಲದ ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬೇಕು ಅಂತಲೂ ನನಗಿದೆ. ಆ ವಿಷಯ ಅವರ ಹತ್ತಿರ ಇನ್ನೂ ಎತ್ತಿಲ್ಲ.